ಗೊತ್ತಿಲ್ಲ ಎನ್ನಲಾರದ ಗೇಟು

ಮನೆಗೆ ಬೀಗ ಹಾಕಿ, ಅದನ್ನು ಜಗ್ಗಿ ನೋಡಿ, ಓಣಿಯ ತಿರುವಿನ ತನಕ ಹೋದಮೇಲೆ ಮತ್ತೆ ಹಿಂದಿರುಗಿ ಬಂದು ಇನ್ನೊಮ್ಮೆ ಜಗ್ಗಿ ನೋಡುವವರ ಪೈಕಿ ನಾನೂ ಒಬ್ಬಳು. ಗ್ಯಾಸ್ ಆರಿಸಿದ್ದೇನೋ ಇಲ್ಲವೋ ಎಂಬ ಸಣ್ಣ ಸಂಶಯ ನನ್ನಲ್ಲಿ ಶಹಾಪುರದ ಬಸ್ ನಿಲ್ದಾಣದಲ್ಲಿ ಹುಟ್ಟುತ್ತದೆ. ಯಾದಗಿರಿಯ ನನ್ನ ಕಚೇರಿಯ ಮೆಟ್ಟಿಲು ಹತ್ತುವ ಹೊತ್ತಿಗೆ ಮನೆ ಸುಟ್ಟು ಓಣಿಯವರೆಲ್ಲ ಕೊಡ ಹಿಡಿದು ಓಡಾಡುವ ಚಿತ್ರವಾಗಿ ಬೆಳೆದಿರುತ್ತದೆ. ಕಚೇರಿಯ ಗೆಳತಿಯರು ನಗುತ್ತಾರೆ. ನಗಲಿ, ನೀವೂ ನಗಬಹುದು. ಹಲ್ಲಿಗೆ, ಸಿಡಿಲಿಗೆ, ಅಪರಿಚಿತ ನಂಬರಿನ ಫೋನಿಗೆ, ಎಲ್ಲಕ್ಕೂ ಅಂಜುವ ನಾನು ನಿಜವಾಗಿ ಅಂಜಬೇಕಾಗಿದ್ದ ಒಂದು ಕಡೆ ಮಾತ್ರ ಅಂಜದೆ ಹೋದೆ. ಅದರಿಂದಾಗಿ ನಮ್ಮವ್ವ ಒಂದು ಮಧ್ಯಾಹ್ನ, ನೀರು ಬಿಟ್ಟ ಕಾಲುವೆಯ ತಳದಲ್ಲಿ ನಿಂತಿದ್ದಳು. ಆ ದಿನದ ಮಾತನ್ನೇ ನಿಮಗೆ ಹೇಳಬೇಕೆಂದು ಕೂತಿದ್ದೇನೆ.

ಅದಕ್ಕೆ ಮೊದಲು ನಮ್ಮ ಕಡೆಯ ಒಂದು ನಡವಳಿಕೆಯನ್ನು ಹೇಳಬೇಕು. ಸುರಪುರದ ಗುಡ್ಡದ ಮಗ್ಗುಲಿನ ಓಣಿಗಳಲ್ಲಿ ಯಾರನ್ನಾದರೂ ನಿಲ್ಲಿಸಿ ಇಂಥವರ ಮನೆ ಎಲ್ಲಿ ಎಂದು ಕೇಳಿ ನೋಡಿ. "ಗೊತ್ತಿಲ್ಲ" ಎಂದು ಯಾರೂ ಹೇಳುವುದಿಲ್ಲ. "ಹಿಂಗ ಸೀದಾ ಹೋಗ್ರಿ, ಮುಂದ ಬೇವಿನ ಗಿಡ ಬರ್ತದ, ಅಲ್ಲೇ ಎಲ್ಲೋ ಅದ" ಎನ್ನುತ್ತಾರೆ. ಬೇವಿನ ಗಿಡ ಬರುತ್ತದೆ. ಬೇವಿನ ಗಿಡ ಎಲ್ಲಿ ಬರುವುದಿಲ್ಲ ಹೇಳಿ! ಬಸ್ ಹೋಯಿತೇ ಎಂದರೆ "ಈಗ ಬರ್ತದ, ಕುಂದರ್ರಿ" ಎಂದು ತಾವು ಕೂತ ಕಟ್ಟೆಯಲ್ಲಿ ಜಾಗ ಬಿಡುತ್ತಾರೆ. ಇದು ಸುಳ್ಳಲ್ಲ, ಮೋಸವಂತೂ ಅಲ್ಲವೇ ಅಲ್ಲ. ಬಿಸಿಲಲ್ಲಿ ಬಂದು ಕೇಳಿದವರಿಗೆ ಗೊತ್ತಿಲ್ಲ ಎಂದುಬಿಡುವುದು ಬಾಯಾರಿ ಬಂದವರಿಗೆ ನೀರು ಕೊಡದೆ ಕಳಿಸಿದಂತೆ ಎಂಬ ಸಂಕೋಚ ಅಷ್ಟೆ. ಈ ಸಂಕೋಚದಲ್ಲೇ ಬೆಳೆದ ನಾನು ಅದನ್ನು ಕಂಪ್ಯೂಟರಿಗೂ ಕಲಿಸಿಬಿಟ್ಟೆ.

ಅವ್ವ ಈ ಊರಿಗೆ ಮದುವೆಯಾಗಿ ಬಂದಾಗ ಕಾಲುವೆ ಇರಲಿಲ್ಲ. ಈಗ ಊರೆಂದರೆ ಕಾಲುವೆ ಎನ್ನುವಂತಾಗಿದೆ. ಜೋಳ, ತೊಗರಿಯ ಹೊಲಗಳು ಭತ್ತದ ಗದ್ದೆಗಳಾದವು, ಬೇಸಿಗೆಯ ಹಾಡು ಪಾಡಾಗಿದ್ದ ನೀರಿನ ಚಿಂತೆ ಸರದಿಯ ಚಿಂತೆಯಾಯಿತು. ಕೆಲವು ದಿನ ನೀರು ಬಿಡುತ್ತಾರೆ, ಕೆಲವು ದಿನ ನಿಲ್ಲಿಸುತ್ತಾರೆ. ನಮ್ಮವರು ಇದಕ್ಕೆ ಚಾಲು-ಬಂದ್ ಎನ್ನುತ್ತಾರೆ. ಬಂದ್ ಇದ್ದಾಗ ಕಾಲುವೆಯ ತಳದಲ್ಲಿ ಅಲ್ಲಲ್ಲಿ ಮೊಣಕಾಲುದ್ದದ ತಿಳಿನೀರು ನಿಂತಿರುತ್ತದೆ. ಹೆಂಗಸರು ಕೌದಿ ಒಗೆಯಲು ಇಳಿಯುವುದು ಆಗಲೇ. ಹಳೆಯ ಸೀರೆ ಧೋತರಗಳನ್ನು ಪದರು ಪದರಾಗಿ ಹೊಲಿದ ಕೌದಿ ನೆನೆದರೆ ಎಮ್ಮೆಗರುವಿನಷ್ಟು ಭಾರ. ಮನೆಯ ಬಚ್ಚಲಲ್ಲಿ ಅದನ್ನು ಒಗೆಯುವುದು ಆಗದ ಮಾತು.

ಆದರೆ ಕಾಲುವೆ ಹೊಳೆಯಂತಲ್ಲ. ಭೀಮಾ ನದಿಗೆ ನೀರು ಬರುವ ಮೊದಲು ಮೋಡ ಕಟ್ಟುತ್ತದೆ, ನೀರು ಕೆಂಪಗಾಗುತ್ತದೆ, ಕಸಕಡ್ಡಿ ತೇಲಿ ಬರುತ್ತದೆ, ದಡದವರು ಕೂಗುತ್ತಾರೆ. ಕಾಲುವೆಗೆ ಇಂಥ ಯಾವ ಪೀಠಿಕೆಯೂ ಇಲ್ಲ. ಬಿಸಿಲು ಚುರುಗುಡುತ್ತಿರುವಾಗಲೇ, ಆಕಾಶ ಒರೆಸಿಟ್ಟಂತೆ ಇರುವಾಗಲೇ, ಎಲ್ಲೋ ಮೇಲೆ ಯಾರೋ ಒಬ್ಬರು ಗೇಟಿನ ಚಕ್ರ ತಿರುವಿದ್ದಕ್ಕೆ ಇಲ್ಲಿ ನೀರು ಏರುತ್ತದೆ. ಅದಕ್ಕೆ ತುಸು ಮುಂಚೆ ಗಾಳಿ ಬೀಸಿದಂಥ ಸಣ್ಣ ಸಪ್ಪಳ ಕೇಳಿದರೆ ಕೇಳಿತು, ಅಷ್ಟೆ. ಒಗೆಯುವ ಜಾಗದ ಮೆಟ್ಟಿಲುಗಳನ್ನು ಬಿಟ್ಟರೆ ಎರಡೂ ಬದಿಯ ಸಿಮೆಂಟಿನ ಇಳಿಜಾರು ಪಾಚಿಗಟ್ಟಿ ನುಣುಪಾಗಿರುತ್ತದೆ. ಒಮ್ಮೆ ಕಾಲು ಜಾರಿದರೆ ಹಿಡಿಯಲು ಒಂದು ಹುಲ್ಲುಕಡ್ಡಿಯೂ ಸಿಗುವುದಿಲ್ಲ.

ನಮ್ಮ ಉಪಕಾಲುವೆಯ ಗೇಟುಗಳನ್ನು ನೋಡಿಕೊಳ್ಳುವವರು ಮರೆಪ್ಪ ಕಾಕಾ. ನೀರು ಬಿಟ್ಟರಾ, ನಿಲ್ಲಿಸಿದರಾ ಎಂದು ಊರವರೆಲ್ಲ ಅವರಿಗೇ ಫೋನು ಮಾಡುತ್ತಿದ್ದರು. ಊಟಕ್ಕೆ ಕೂತರೂ ಫೋನು, ಮಲಗಿದರೂ ಫೋನು. ಅವರ ಪಾಡು ನೋಡಲಾರದೆ ನಾನು ಮನೆಯ ಹಳೆಯ ಕಂಪ್ಯೂಟರಿನಲ್ಲಿ ಒಂದು ಸಣ್ಣ ಸ್ಕ್ರಿಪ್ಟ್, ಅಂದರೆ ಕಂಪ್ಯೂಟರ್ ಏನು ಮಾಡಬೇಕೆಂದು ಹೇಳುವ ಸಾಲುಗಳನ್ನು, ಬರೆದೆ. ಕಾಕಾ ಗೇಟು ತಿರುವಿದ ಕೂಡಲೇ ಅದಕ್ಕೊಂದು ಸಂದೇಶ ಕಳಿಸುವುದು. ಆಮೇಲೆ ಯಾರು ಸಂದೇಶ ಹಾಕಿ ಕೇಳಿದರೂ ಅದು ಚಾಲು ಅಥವಾ ಬಂದ್ ಎಂದು ಉತ್ತರಿಸುವುದು. ಕಾಕಾ ನಿಶ್ಚಿಂತರಾಗಿ ಉಣ್ಣತೊಡಗಿದರು. ಊರಲ್ಲಿ ನನ್ನ ಹೆಸರೂ ಸ್ವಲ್ಪ ದೊಡ್ಡದಾಯಿತು.

ಕಂಪ್ಯೂಟರಿಗೆ ಬರೆಯುವ ಭಾಷೆಗಳಲ್ಲಿ ಆಬ್ಜೆಕ್ಟ್ ಎಂಬುದೊಂದಿದೆ. ಹೆಸರು ಕೇಳಿ ಗಾಬರಿಯಾಗಬೇಡಿ. ಒಂದು ಅಚ್ಚು ಮಾಡಿಟ್ಟುಕೊಂಡು ಅದರಿಂದ ಬೇಕಾದಷ್ಟು ವಸ್ತುಗಳನ್ನು ತೆಗೆಯುವುದು; ಪ್ರತಿಯೊಂದಕ್ಕೂ ಕೆಲವು ಗುಣಗಳನ್ನು ಕೊಡುವುದು. ನನ್ನ ಅಚ್ಚಿನ ಹೆಸರು ಗೇಟು. ಅದರಿಂದ ಹುಟ್ಟುವ ಪ್ರತಿ ಗೇಟಿಗೂ ಒಂದು ಹೆಸರು, ಒಂದು ಜಾಗ, ಒಂದು ಸ್ಥಿತಿ. ಹೆಸರು, ಜಾಗ ಬದಲಾಗುವುದಿಲ್ಲ. ಸ್ಥಿತಿ ಕಾಕಾ ಹೇಳಿದಂತೆ ಬದಲಾಗುತ್ತದೆ. ಅದೇ ತಾನೇ ಹುಟ್ಟಿದ ಗೇಟು, ಇನ್ನೂ ಯಾರೂ ಅದಕ್ಕೆ ಏನೂ ಹೇಳಿಲ್ಲ, ಅಷ್ಟರಲ್ಲಿ ಯಾರಾದರೂ ಕೇಳಿದರೆ ಏನೆನ್ನಬೇಕು? ಈ ಪ್ರಶ್ನೆ ನನ್ನೆದುರು ಬಂದಾಗ ನಾನು ಚಹಾ ಆರುವಷ್ಟು ಹೊತ್ತೂ ಯೋಚಿಸಲಿಲ್ಲ. ಯಾರೂ ತೆರೆಯದ ಗೇಟು ಮುಚ್ಚಿಯೇ ಇರುತ್ತದಲ್ಲವೇ? ಕೇಳಿದವರಿಗೆ ಉತ್ತರವಿಲ್ಲದೆ ಕಳಿಸುವುದು ಚೆನ್ನಾಗಿರುತ್ತದೆಯೇ? "ಬಂದ್" ಎಂದು ಬರೆದೆ. ಕಟ್ಟೆಯ ಮೇಲೆ ಕೂತು "ಈಗ ಬರ್ತದ" ಎನ್ನುವವರ ಮೊಮ್ಮಗಳು ಇನ್ನೇನು ಬರೆದಾಳು?

ಕೆಲವು ವಾರ ಎಲ್ಲವೂ ಸುಸೂತ್ರವಾಗಿತ್ತು. ಆಮೇಲೆ ಆಗೊಮ್ಮೆ ಈಗೊಮ್ಮೆ ದೂರು ಬರತೊಡಗಿತು. "ಹೊಲದಾಗ ನೀರು ತುಂಬಿ ನಿಂತಾವ, ನಿನ್ನ ಗೇಟು ಬಂದ್ ಅಂತ ಕುಂತದಲ್ಲ!" ಎಂದು ನಗುತ್ತಲೇ ಹೇಳುತ್ತಿದ್ದರು. ತಪ್ಪು ಹುಡುಕಲು ನಾನು ಅನೇಕ ಸಂಜೆ ಕೂತೆ. ಹೆಜ್ಜೆಹೆಜ್ಜೆಗೂ ಗೇಟಿನ ಸ್ಥಿತಿ ಪರದೆಯ ಮೇಲೆ ಮೂಡುವಂತೆ ಸಾಲುಗಳನ್ನು ಸೇರಿಸಿದೆ. ಚಾಲು ಎಂದು ಹೇಳಿದರೆ ಚಾಲು ಎನ್ನುತ್ತಿತ್ತು, ಬಂದ್ ಎಂದರೆ ಬಂದ್. ನನ್ನ ಕಣ್ಣೆದುರು ಅದು ಎಂದೂ ತಪ್ಪಲಿಲ್ಲ. ನೆಂಟರ ಎದುರು ಗಂಭೀರವಾಗಿ ಕೂರುವ ಮಗುವಿನಂತೆ ಇತ್ತು.

ನವರಾತ್ರಿ ಹತ್ತಿರ ಬಂದಿತ್ತು. ಒಂದು ಬೆಳಿಗ್ಗೆ ನಾನು ಕಚೇರಿಗೆ ಹೊರಟು ಜಡೆ ಹಾಕಿಕೊಳ್ಳುತ್ತಿದ್ದಾಗ ಅವ್ವ ಕೌದಿಗಳನ್ನೆಲ್ಲ ಗಂಟು ಕಟ್ಟಿ, "ನಿನ್ನ ಗೇಟಿಗಿ ಕೇಳಿ ಹೇಳು ಸುಜಾತಾ, ನಾನೂ ಕಾಶಮ್ಮನೂ ಒಗಿಲಾಕ ಹೋಗ್ತೀವಿ" ಎಂದಳು. ಕಾಶಮ್ಮ ನಮ್ಮ ಪಕ್ಕದ ಮನೆಯವಳು, ಅವ್ವನ ವಯಸ್ಸಿನವಳು. ನಾನು ಫೋನಿನಲ್ಲೇ ಕೇಳಿ, ಬಂದ ಉತ್ತರ ನೋಡಿ, "ಬಂದ್ ಅದ ಅವ್ವ, ಹೋಗು" ಎಂದೆ. ಬಾಯಲ್ಲಿ ಹಿಡಿದಿದ್ದ ಪಿನ್ನನ್ನೂ ತೆಗೆಯದೆ ಹೇಳಿದ ಮಾತು ಅದು.

ಮಧ್ಯಾಹ್ನ ಊಟದ ಬಿಡುವಿನಲ್ಲಿ ಕಚೇರಿಯ ಕಂಪ್ಯೂಟರಿನಲ್ಲಿ ಆ ಸ್ಕ್ರಿಪ್ಟಿನ ನಕಲು ತೆರೆದು ಮತ್ತೆ ಪರೀಕ್ಷಿಸುತ್ತಿದ್ದೆ. ಒಂದು ಗೇಟಿಗೆ ಚಾಲು ಎಂದು ಹೇಳಿದ್ದೆ. ಅಷ್ಟರಲ್ಲಿ ಕರೆಂಟು ಹೋಯಿತು. ಬುತ್ತಿ ಬಿಚ್ಚಿದೆ, ಕರೆಂಟು ಬಂತು. ಕಂಪ್ಯೂಟರ್ ಎದ್ದಮೇಲೆ ಅದೇ ಗೇಟನ್ನು ಕೇಳಿದರೆ ಬಂದ್ ಎಂದಿತು. ಒಂದು ಕ್ಷಣ ನನಗೆ ಆದದ್ದು ಖುಷಿ, ಬರೀ ಖುಷಿ. ಸಿಕ್ಕಿಬಿತ್ತು! ಕರೆಂಟು ಹೋದಾಗ ನನ್ನ ಗೇಟುಗಳೆಲ್ಲ ಸಾಯುತ್ತವೆ, ಬಂದಾಗ ಅಚ್ಚಿನಿಂದ ಹೊಸದಾಗಿ ಹುಟ್ಟುತ್ತವೆ. ಹೋದ ಜನ್ಮದಲ್ಲಿ ಕಾಕಾ ಹೇಳಿದ್ದು ಯಾವುದಕ್ಕೂ ನೆನಪಿಲ್ಲ. ನೆನಪಿಲ್ಲ ಎನ್ನುವ ಬದಲು, ನಾನು ಕಲಿಸಿದ ಸೌಜನ್ಯದಿಂದ ಬಂದ್ ಎನ್ನುತ್ತವೆ. ಕರೆಂಟು ಬಂದೊಡನೆ ಯಾರ ಕೈಯೂ ಸೋಕದೆ ತಾನಾಗಿಯೇ ಎದ್ದು ಕೆಲಸ ಶುರುಮಾಡುವಂತೆ ಬರೆದಿದ್ದ ನನ್ನ ಜಾಣತನಕ್ಕೆ ಊರೆಲ್ಲ ಶಹಬ್ಬಾಸ್ ಎಂದಿತ್ತು.

ಹಿಂದಿನ ದಿನ ರಾತ್ರಿ ಊಟದ ಹೊತ್ತಿಗೆ ನಮ್ಮೂರಲ್ಲಿ ಕರೆಂಟು ಹೋಗಿ ಬಂದಿತ್ತು. ಅದು ನೆನಪಾದದ್ದೇ ತಡ, ಕೈಯಲ್ಲಿದ್ದ ತುತ್ತು ಡಬ್ಬಿಗೆ ಬಿತ್ತು.

ಅವ್ವನಿಗೆ ಫೋನು ಮಾಡಿದೆ. ಅದು ರಿಂಗಾಯಿತು, ರಿಂಗಾಗುತ್ತಲೇ ಇತ್ತು. ನೀರಿಗೆ ಹೋಗುವಾಗ ಅವ್ವ ಫೋನನ್ನು ಮನೆಯ ಗೋಡೆಗೂಡಿನಲ್ಲಿಟ್ಟು ಹೋಗುತ್ತಾಳೆ. ಕಾಶಮ್ಮನ ಬಳಿ ಫೋನೇ ಇಲ್ಲ. ಮರೆಪ್ಪ ಕಾಕಾ ಎತ್ತಿದರು.

"ಕಾಕಾ, ನೀರು ಬಿಟ್ಟೀರೇನ್ರಿ?"

"ನಿನ್ನಿ ಸಂಜಿಗೇ ಮ್ಯಾಲಿನ ಗೇಟು ಎತ್ತೀನಲ್ಲ ತಂಗಿ. ನಿನ್ನ ಮಷೀನಿಗಿ ಹೇಳೀನಿ. ಯಾಕ?"

"ನಮ್ಮೂರಿಗಿ ಯಾವಾಗ ಮುಟ್ತದ್ರಿ?"

"ಈಟೊತ್ತಿಗಿ ಮುಟ್ಟಿರಬೇಕು, ಇಲ್ಲಾಂದ್ರ ಈಗ ಮುಟ್ತದ." ಆಮೇಲೆ ನನ್ನ ಉಸಿರಿನ ಸದ್ದು ಕೇಳಿ ಅವರ ದನಿಯೂ ಬದಲಾಯಿತು. "ಯಾರರೆ ಇಳದಾರೇನವ್ವ? ನಾ ಗೇಟು ಇಳಸ್ತೀನಿ. ಆದ್ರ ಬಿಟ್ಟ ನೀರು ಬಿಟ್ಟಂಗ, ಅದನ್ನ ಹಿಂದಕ್ಕ ಕರಿಲಾಕ ಬರೂದಿಲ್ಲ."

ಯಾದಗಿರಿಯಿಂದ ಶಹಾಪುರದ ಮೇಲೆ ನಮ್ಮೂರಿಗೆ ಹೋಗುವ ಬಸ್ಸು ಹಿಡಿದೆ. ಭಯ ಎಂದರೇನು ಎಂದು ನನಗೆ ಗೊತ್ತು ಅಂದುಕೊಂಡಿದ್ದೆ, ಗೊತ್ತಿರಲಿಲ್ಲ. ಇಷ್ಟು ದಿನ ನಾನು ಅಂಜಿದ್ದೆಲ್ಲ ಇನ್ನೂ ಆಗದೇ ಇದ್ದುದಕ್ಕೆ. ಅಂಥ ಭಯಕ್ಕೆ ಸಮಾಧಾನ ಹೇಳಬಹುದು, ಹಿಂದಿರುಗಿ ಹೋಗಿ ಬೀಗ ಜಗ್ಗಿ ನೋಡಬಹುದು. ಆಗಿಹೋಗಿರಬಹುದಾದ, ಆದರೆ ನನಗಿನ್ನೂ ತಲುಪದಿರುವ ಸಂಗತಿಯ ಭಯ ಬೇರೆಯೇ. ಭೀಮಾ ಸೇತುವೆ ದಾಟುವಾಗ ಕೆಳಗಿನ ನೀರನ್ನು ನೋಡಲಾರದೆ ಸೀಟಿನ ಕಂಬಿಗೆ ಹಣೆ ಒತ್ತಿ ಕೂತೆ. ಆ ಹೊತ್ತಿಗೆ ನಮ್ಮ ಮನೆಯ ಕಂಪ್ಯೂಟರ್ ಏನೆನ್ನುತ್ತಿದ್ದೀತು ಎಂದು ಫೋನಿನಲ್ಲಿ ಗೇಟನ್ನು ಕೇಳಿದೆ. ಬಂದ್ ಎಂದಿತು. ಮತ್ತೆ ಕೇಳಿದೆ. ಬಂದ್. ಅದೇ ಶಾಂತ ಉತ್ತರ. ಅದು ನನ್ನದೇ ದನಿ. ಪಿನ್ನು ಬಾಯಲ್ಲಿಟ್ಟುಕೊಂಡು, ಕನ್ನಡಿ ನೋಡುತ್ತ, ಏನೂ ಗೊತ್ತಿಲ್ಲದೆ ಹೇಳಿದ ದನಿ.

ಊರ ಮುಂದಿನ ಕಾಲುವೆಯ ಸೇತುವೆಯ ಬಳಿ ಇಳಿದಾಗ ಕಾಲುವೆ ತುಂಬಿ ಹರಿಯುತ್ತಿತ್ತು. ಸದ್ದಿಲ್ಲ, ನೊರೆಯಿಲ್ಲ, ನುಣ್ಣಗೆ ಬಿಸಿಲಿಗೆ ಹೊಳೆಯುತ್ತ ಹೋಗುತ್ತಿತ್ತು. ಕೌದಿ ಒಗೆಯುವ ಜಾಗದಲ್ಲಿ ಯಾರೂ ಇರಲಿಲ್ಲ. ಅವ್ವಾ ಎಂದು ಕೂಗಿದೆ. ಕೂಗಿದ್ದು ನನಗೇ ಕೇಳಿಸಲಿಲ್ಲ.

ದಂಡೆಯ ಆಚೆ, ಜಾಲಿಯ ನೆರಳಲ್ಲಿ ಇಬ್ಬರೂ ಕೂತಿದ್ದರು. ಅವ್ವನ ಮೊಣಕಾಲಿನ ಚರ್ಮ ಸುಲಿದಿತ್ತು, ಬಳೆಗಳು ಒಡೆದಿದ್ದವು, ಮೈಯೆಲ್ಲ ನಡುಗುತ್ತಿತ್ತು. ಒಂದು ಕೌದಿಯನ್ನು ಇಬ್ಬರೂ ಎರಡು ತುದಿ ಹಿಡಿದು ಹಿಂಡುತ್ತಿದ್ದರಂತೆ. ಅವ್ವ ಕೆಳಗೆ, ಕಾಶಮ್ಮ ಮೇಲೆ ಮೆಟ್ಟಿಲ ಮೇಲೆ. ನೀರು ಏರಿ ಅವ್ವನ ಸೊಂಟಕ್ಕೆ ಬಂದು ಕಾಲು ಕಿತ್ತಾಗ ಅವಳ ಕೈಯಲ್ಲಿ ಕೌದಿಯ ತುದಿ ಇತ್ತು. ಕಾಶಮ್ಮ ತನ್ನ ತುದಿ ಬಿಡಲಿಲ್ಲ. ಉಳಿದ ಕೌದಿಗಳೆಲ್ಲ ಹೋದವು. ನಾನು ಅವ್ವನ ಕಾಲು ಹಿಡಿದುಕೊಂಡು ಅತ್ತೆ. ಅವ್ವ, "ಅಂಜಬ್ಯಾಡ, ಕೌದಿ ಮತ್ತ ಹೊಲಕೊಂಡ್ರಾತು" ಎಂದು ನನಗೇ ಸಮಾಧಾನ ಹೇಳಿದಳು.

ಅದೇ ವಾರ ಅಚ್ಚನ್ನು ತಿದ್ದಿದೆ. ಕಾಕಾ ಹೇಳಿದ್ದನ್ನೆಲ್ಲ ಕರೆಂಟು ಹೋದರೂ ಅಳಿಯದಂತೆ ಉಳಿಸುವುದನ್ನು ಕಲಿಸಿದೆ. ಗೇಟಿಗೆ ಮೂರನೆಯದೊಂದು ಸ್ಥಿತಿ ಕೊಟ್ಟೆ: ಗೊತ್ತಿಲ್ಲ. ಹುಟ್ಟುವಾಗ ಇನ್ನು ಮುಂದೆ ಅದೇ ಅದರ ಗುಣ. ಸುದ್ದಿ ಹಳೆಯದಾದರೂ ಅದು ಅಲ್ಲಿಗೇ ಮರಳುತ್ತದೆ. ಬರೆಯಲು ಹಿಡಿದದ್ದು ಚಹಾ ಆರುವಷ್ಟು ಹೊತ್ತು. ಊರವರಿಗೆ ಸಿಟ್ಟು ಬಂತು. "ಇದೇನ್ ಮಷೀನವ್ವ, ಕೇಳಿದ್ರ ಗೊತ್ತಿಲ್ಲ ಅಂತದ! ಮದ್ಲಿಂದೇ ಛಲೋ ಇತ್ತು, ಏನರೆ ಹೇಳ್ತಿತ್ತು" ಎಂದರು. ಅವರ ಮುನಿಸು ನನಗೆ ಅರ್ಥವಾಗುತ್ತದೆ.

ಮುಂದಿನ ಸರದಿಯ ಬಂದ್ ಬಂದಾಗ ಅವ್ವ ಉಳಿದ ಆ ಒಂದು ಕೌದಿಯನ್ನೂ, ಕಾಶಮ್ಮನ ಮನೆಯ ಚಾದರಗಳನ್ನೂ ಗಂಟು ಕಟ್ಟಿಕೊಂಡು ನನ್ನ ಮುಂದೆ ನಿಂತಳು. ಕೇಳಿ ಹೇಳು ಎಂದಳು. ಕೇಳಿದೆ.

"ಗೊತ್ತಿಲ್ಲ ಅಂತದ ಅವ್ವ. ಕಾಕಾನ ಫೋನೂ ಹತ್ತವಲ್ದು."

"ಅದಕ್ಕ ಗೊತ್ತಿಲ್ಲಂದ್ರ ಬಿಡು, ನೀ ಹೇಳು."

ಉತ್ತರ ನಾಲಿಗೆಯ ತುದಿಯಲ್ಲೇ ಇತ್ತು. ಹೊರಗೆ ಒಣ ಬಿಸಿಲಿತ್ತು, ಸರದಿಯ ಲೆಕ್ಕಕ್ಕೂ ಅದು ಬಂದ್ ದಿನವೇ. ಹುಟ್ಟಿದಾಗಿನಿಂದ ಯಾರಿಗೂ ಹೇಳದಿದ್ದ ಮಾತನ್ನು ನಾನು ನನ್ನವ್ವನಿಗೆ ಹೇಳಬೇಕಾಗಿತ್ತು.

"ನನಗೂ ಗೊತ್ತಿಲ್ಲ ಅವ್ವ. ನೋಡಿ ಇಳಿ. ಸಪ್ಪಳ ಕೇಳಿದ್ರ ಮ್ಯಾಲ ಬಂದುಬಿಡು."

ಅವ್ವ ನಕ್ಕಳು. "ಸಪ್ಪಳ ಅವತ್ತೂ ಕೇಳಿತ್ತಲ್ಲ. ಕಾಶಮ್ಮ ಮ್ಯಾಲ ಬಾ, ಮ್ಯಾಲ ಬಾ ಅಂತ ಒದರಾಕತ್ತಿದ್ಲು. ನಾನೇ ಸುಮ್ನಿರು ಅಂದೆ. ನಮ್ಮ ಸುಜಾತಾ ಬಂದ್ ಅದ ಅಂದಾಳ, ಇದು ಗಾಳಿ ಇರಬೇಕು ಅಂತ ಅಲ್ಲೇ ನಿಂತೆ."

ಅದನ್ನು ಅವಳು ದೂರಿ ಹೇಳಲಿಲ್ಲ. ಸ್ವಲ್ಪ ಹೆಮ್ಮೆಯಿಂದಲೇ ಹೇಳಿದಳು. ಹೇಳಿ, ಗಂಟನ್ನು ತಲೆಯ ಮೇಲಿಟ್ಟುಕೊಂಡು, ಇನ್ನೂ ನನ್ನ ಬಾಯಿಯನ್ನೇ ನೋಡುತ್ತ ಬಾಗಿಲಲ್ಲಿ ನಿಂತಳು.