ಲೋಳೆಮೀನು ತಿನ್ನುವ ಆಮೆ

ಬೆಳ್ಳಾರೆಯ ನಮ್ಮ ಮನೆಗೆ ವರ್ಷಗಳಿಂದ ಮೀನು ತರುತ್ತಿದ್ದ ಹಮೀದಾಕ ಅಂದು ಪೆಟ್ಟಿಗೆ ತೆರೆಯುವ ಮೊದಲೇ ಅಂಗಿಯ ತೋಳು ಮಡಚಿ ಮುಂಗೈ ತೋರಿಸಿದರು. ಕಾದ ಸರಳಿನಿಂದ ಬರೆ ಎಳೆದ ಹಾಗೆ ಕೆಂಪಾಗಿ ಊದಿಕೊಂಡಿತ್ತು.

“ಲೋಳೆಮೀನು ತಾಗಿದ್ದು ಅಕ್ಕ. ತಮ್ಮನ ದೋಣಿಯಲ್ಲಿ ಬಲೆ ಎಳೆಯಲಿಕ್ಕೆ ಹೋಗಿದ್ದೆ. ಬಲೆ ತುಂಬ ಅದೇ. ಇವತ್ತು ಒಣಮೀನು ಮಾತ್ರ ಉಂಟು.”

ಟಿವಿಯಲ್ಲಿ ಈ ಲೋಳೆಮೀನು, ಅಂದರೆ ಜೆಲ್ಲಿ ಫಿಶ್ ಕಂಡಾಗ ಎಷ್ಟು ಚಂದ ಎಂದುಕೊಂಡಿದ್ದೆ. ಅದು ಮೀನಿನ ಮೊಟ್ಟೆ, ಮರಿಗಳನ್ನು ತಿನ್ನುತ್ತದೆ, ಮೀನುಗಳ ಆಹಾರವಾದ ಸಣ್ಣ ಜೀವಿಗಳನ್ನೂ ಬಿಡುವುದಿಲ್ಲ ಎಂದು ಗೊತ್ತಾದದ್ದು ಹಮೀದಾಕ ಹೇಳಿದ ಮೇಲೆಯೇ.

“ಅದನ್ನು ತಿನ್ನುವಂಥದ್ದು ಎಂತದೂ ಇಲ್ವಾ?” ಎಂದು ಕೇಳಿದೆ.

“ಉಂಟು. ಕಡಲಾಮೆ ತಿನ್ನುದು. ಮೊನ್ನೆ ಅದೇ ಬಲೆಗೆ ಒಂದು ಸಿಕ್ಕಿಬಿದ್ದಿತ್ತು. ನಾವು ಮೇಲೆ ಎಳೆಯುವಷ್ಟರಲ್ಲಿ ಉಸಿರು ಕಟ್ಟಿ ಸತ್ತಿತ್ತು. ಬಾಯಲ್ಲಿ ಇನ್ನೂ ಲೋಳೆ ಇತ್ತು ಅಕ್ಕ. ನಾನೇ ಬಲೆ ಕೊಯ್ದು ಅದನ್ನು ನೀರಿಗೆ ಬಿಟ್ಟೆ.”

ಕೈಗೆ ಹಚ್ಚಿಕೊಳ್ಳಲಿ ಎಂದು ತೆಂಗಿನೆಣ್ಣೆ ತಂದುಕೊಟ್ಟೆ. ಹಚ್ಚಿಕೊಳ್ಳಲಿಲ್ಲ. ಬಟ್ಟಲು ಹಿಡಿದುಕೊಂಡು ಜಗಲಿಯ ಬದಿಯಲ್ಲಿ ನಿಂತೇ ಇದ್ದರು.

ಆಮೇಲೆ ಅವರು ಬರಲಿಲ್ಲ. ಮೀನು ಮಾರುವುದನ್ನು ಬಿಟ್ಟು ಈಗ ಕಡಬದ ಕಡೆ ರಬ್ಬರ್ ತೋಟಕ್ಕೆ ಟ್ಯಾಪಿಂಗಿಗೆ ಹೋಗುತ್ತಾರಂತೆ. ಸುಳ್ಯದ ಪೇಟೆಯಲ್ಲಿ ನಾನು ಈಗಲೂ ಮೀನು ಕೊಳ್ಳುತ್ತೇನೆ. ಆದರೆ ಆಮೆ ಸತ್ತ ಆ ಬಲೆ ಬೀಸಿದ್ದು ನಮ್ಮಂಥವರ ಊಟಕ್ಕಾಗಿಯೇ ಅಲ್ಲವೇ ಎಂಬುದು ನೆನಪಾದರೆ, ತಟ್ಟೆಯ ಮೀನನ್ನು ಬದಿಗೆ ಸರಿಸಿಬಿಡುತ್ತೇನೆ.