ಸ್ಟೋರಿನ ಅಕ್ಕಾರು ಮತ್ತು ಸಾಹೇಬರ ಪಾಸ್‌ವರ್ಡ್

ಸ್ಟೋರಿನ ಅಕ್ಕಾರು ಬರುವುದು ಕಣ್ಣಿಗಿಂತ ಮೊದಲು ಕಿವಿಗೆ ಗೊತ್ತಾಗುತ್ತಿತ್ತು. ಇಳಕಲ್ಲ ಸೀರೆಯ ನಡುವಿಗೆ ಸಿಕ್ಕಿಸಿದ ದೊಡ್ಡ ಕೀಲಿಗೊಂಚಲು ಹೆಜ್ಜೆಗೊಮ್ಮೆ ಝಣ್ ಎನ್ನುತ್ತಿತ್ತು. ಬೈಲಹೊಂಗಲದ ಧರ್ಮಾಸ್ಪತ್ರೆಯೊಂದರ ಔಷಧಿ ಸ್ಟೋರು ಅವರ ಕೈಯಲ್ಲಿತ್ತು. ನಾನು ಅಲ್ಲಿ ಕಂಪ್ಯೂಟರ್ ಆಪರೇಟರ್. ಊಟಕ್ಕೆ ಎದ್ದರೂ ಗೊಂಚಲನ್ನು ನರ್ಸ್ ಕೈಗೆ ಕೊಟ್ಟೇ ಹೋಗುತ್ತಿದ್ದರು. "ಕೀಲಿ ಇಟ್ಕೊಂಡಾವ್ರು ಹೊತ್ತಿಗೆ ಇರಬೇಕ್ರಿ. ಇಲ್ಲಾಂದ್ರ ಕೀಲಿ ಬಿಟ್ಟು ಹೋಗಬೇಕ್ರಿ," ಎನ್ನುತ್ತಿದ್ದರು.

ಇಷ್ಟು ಸಣ್ಣ ಮಾತು ಬೆಳಗಾವಿಯ ಕಚೇರಿಯಲ್ಲಿ ಕೂತ ನಮ್ಮ ಕಂಪ್ಯೂಟರ್ ಸಾಹೇಬರ ತಲೆಗೆ ಹೋಗಲಿಲ್ಲವಲ್ಲ ಎಂದು ನೆನೆದರೆ ಇವತ್ತಿಗೂ ನನ್ನ ಮೈ ಉರಿಯುತ್ತದೆ.

ಆಸ್ಪತ್ರೆಗೆ ಕಿತ್ತೂರು, ಸವದತ್ತಿ, ರಾಮದುರ್ಗದಲ್ಲಿ ಶಾಖೆಗಳಿದ್ದವು. ಯಾವ ಔಷಧಿ ಎಷ್ಟಿದೆ ಎಂದು ಅಕ್ಕಾರೇ ದಿನಾ ಸಂಜೆ ಎಲ್ಲರಿಗೂ ಫೋನ್ ಮಾಡಿ ಹೇಳುತ್ತಿದ್ದರು. ಎರಡು ಸಾವಿರದ ಇಸವಿ ದಾಟಿದ ಮೇಲೆ ಕಂಪ್ಯೂಟರ್ ಬಂತು. ಒಂದು ಕಡೆಯ ದಾಸ್ತಾನಿನ ವಿವರ ಟೆಲಿಫೋನ್ ತಂತಿಯಲ್ಲಿ ಎಲ್ಲ ಕಡೆಗೂ ತಾನೇ ಹೋಗತೊಡಗಿತು. ಇನ್ನು ಫೋನ್ ಮಾಡಕೂಡದು ಎಂದು ಸಾಹೇಬರು ಆರ್ಡರ್ ಹೊರಡಿಸಿದರು. ಆಮೇಲೆ ಆ ಸಾಫ್ಟ್‌ವೇರಿನ ಹೊಸ ಆವೃತ್ತಿ ಬಂತು. ಸಾಹೇಬರು ಅದನ್ನು ಮೂರು ಶಾಖೆಗಳಿಗೆ ಹಾಕಿ, ನಮಗೆ ಬರೀ ಸಿಡಿ ಕಳಿಸಿ, "ಮುಂದಿನ ವಾರ ಬರತೇನಿ" ಎಂದರು. ಅದನ್ನು ಹಾಕಲು ಅಡ್ಮಿನಿಸ್ಟ್ರೇಟರ್ ಪಾಸ್‌ವರ್ಡ್ ಬೇಕು. ಅದು ಬೆಳಗಾವಿಯಲ್ಲಿ ಅವರ ತಲೆಯೊಳಗೆ. ನಮ್ಮ ಹಳೇ ಆವೃತ್ತಿಗೂ ಶಾಖೆಗಳ ಹೊಸದಕ್ಕೂ ಮಾತುಕತೆ ನಿಂತಿತು. ನಮ್ಮ ಸ್ಟೋರಿನ ಹಳೇ ವಿವರವೇ ಉಳಿದವರ ಪರದೆಯ ಮೇಲೆ ಕೂತಿತು. ಪಾಸ್‌ವರ್ಡ್ ಕೇಳಿದರೆ, "ಅದನ್ನ ಕಂಡ ಕಂಡವ್ರಿಗೆ ಕೊಡೂದಲ್ಲ" ಎಂಬ ಉತ್ತರ. ಮುಂದಿನ ವಾರ ಬರಲೇ ಇಲ್ಲ.

ಅಷ್ಟರಲ್ಲಿ ಸುರೇಬಾನದಲ್ಲಿ ಹತ್ತಿ ಬಿಡಿಸುತ್ತಿದ್ದ ಹೆಣ್ಣುಮಗಳ ಕೈಗೆ ಹಾವು ಕಚ್ಚಿತು. ರಾಮದುರ್ಗದಲ್ಲಿ ಹಾವಿನ ವಿಷಕ್ಕೆ ಕೊಡುವ ಇಂಜೆಕ್ಷನ್ ಮುಗಿದಿತ್ತು. ಬೈಲಹೊಂಗಲದಲ್ಲಿದೆ ಎಂದು ಪರದೆ ತೋರಿಸಿತು. ಪರದೆ ನಂಬಿ ಡಾಕ್ಟರು ಆಕೆಯನ್ನು ಟೆಂಪೊದಲ್ಲಿ ಕಳಿಸಿದರು. ನಾವೋ, ಇದ್ದುದನ್ನೆಲ್ಲ ಕಿತ್ತೂರಿಗೆ ಕೊಟ್ಟು ಬರಿಗೈಯಲ್ಲಿದ್ದೆವು. ಜೀಪು ಕಿತ್ತೂರಿಗೆ ಓಡಿ ಇಂಜೆಕ್ಷನ್ ತರುವಷ್ಟರಲ್ಲಿ ಹೊತ್ತು ಮೀರಿತ್ತು. ಜೀವ ಉಳಿಯಿತು, ಬೆರಳುಗಳು ಉಳಿಯಲಿಲ್ಲ.

ಅಕ್ಕಾರು ನೇರ ನನ್ನ ಮೇಜಿಗೆ ಬಂದರು. "ತಮ್ಮಾ, ಆ ಪಾಸ್‌ವರ್ಡ್ ಇಲ್ದ ಹಾಕಾಕ ಬರತೈತೇನು?"

"ಬರತೈತ್ರಿ ಅಕ್ಕಾರ. ಕಂಪ್ಯೂಟರಿನ್ಯಾಗ ಒಬ್ಬರ ಹೆಸರಿನ ಖಾತೆಯೊಳಗ ಅಷ್ಟ ಹಾಕಬಹುದು. ಆದ್ರ ಪರವಾನಗಿ ಇಲ್ರಿ, ನೌಕರಿ ಹೋಗತೈತಿ."

"ನನ್ನ ಹೆಸರಿನ್ಯಾಗ ಹಾಕು. ಹೋದ್ರ ನಂದ ಹೋಗ್ಲಿ."

ಹಾಕಿದೆ, ನಡೆಯಿತು. ಆದರೆ ಅವರ ಹೆಸರಿನಲ್ಲಿ ಕಂಪ್ಯೂಟರ್ ತೆರೆದಿದ್ದಾಗ ಮಾತ್ರ. ಹಾಗಾಗಿ ಅಕ್ಕಾರು ಮುರಗೋಡದಿಂದ ಮೊದಲ ಬಸ್ಸಿಗೆ ಬಂದು, ಕೂರುವ ಮೊದಲೇ ಅದನ್ನು ತೆರೆಯುತ್ತಿದ್ದರು. ಅಮಾವಾಸ್ಯೆಗೆ ನಾವು ಕಂಪ್ಯೂಟರ್ ಆರಿಸಿ, ಒರೆಸಿ, ವಿಭೂತಿ ಹಚ್ಚಿ ಕಾಯಿ ಒಡೆಯುವ ವಾಡಿಕೆ. ಆ ಸಲ ಆರಿಸಲು ಹೋದವನ ಕೈಯನ್ನು ಅಕ್ಕಾರು ಹಿಡಿದೇಬಿಟ್ಟರು. "ಅದು ಕೆಲಸ ಮಾಡಾಕ ಹತ್ತೈತಿ. ಹಂಗ ಹಚ್ಚರಿ ವಿಭೂತಿ!"

ಸುದ್ದಿ ಬೆಳಗಾವಿ ಮುಟ್ಟಿತು. ಪಾಸ್‌ವರ್ಡ್ ಹೊಡೆಯಲು ಬಿಡುವಿಲ್ಲದ ಸಾಹೇಬರು ಮೆಮೊ ಕೊಡಲು ಮರುದಿನವೇ ಹಾಜರು! ಅನುಮತಿಯಿಲ್ಲದ ಸಾಫ್ಟ್‌ವೇರ್ ಎಂದು ನಾವು ಹಾಕಿದ್ದನ್ನು ಅಳಿಸಿದರು. ಪಾಸ್‌ವರ್ಡ್ ಹೊಡೆದು, ಅದೇ ಸಿಡಿಯಿಂದ, ಅದನ್ನೇ ಮತ್ತೆ ಹಾಕಿದರು. ನಾಚಿಕೆ ಎಂಬುದು ಹತ್ತಿರ ಸುಳಿಯಲಿಲ್ಲ. ಅಕ್ಕಾರನ್ನು ಸ್ಟೋರಿನಿಂದ ತೆಗೆದು ಚಾದರಗಳ ಕೋಣೆಗೆ ಹಾಕಿದರು. ಯಾರು ಹಾಕಿಕೊಟ್ಟರು ಎಂದು ಎಷ್ಟು ಕೇಳಿದರೂ ಅವರ ಬಾಯಿಂದ ನನ್ನ ಹೆಸರು ಬರಲಿಲ್ಲ. ನಾನೇ ಹೇಳಲು ಎದ್ದರೆ ಕಣ್ಣಿನಲ್ಲೇ ಗದರಿಸಿ ಕೂರಿಸಿದರು. ನಡುವಿನ ಗೊಂಚಲು ತೆಗೆದು ಸಾಹೇಬರ ಮುಂದಿಟ್ಟರು.

"ತಗೋರಿ. ಇನ್ನ ನೀವ ಇಲ್ಲೆ ಕುಂಡರಬೇಕ್ರಿ."

ಸಾಹೇಬರು ಸಂಜೆಯ ಬಸ್ಸಿಗೆ ಬೆಳಗಾವಿಗೆ ಹೋದರು.

ಅಕ್ಕಾರು ನಿವೃತ್ತಿಯವರೆಗೂ ಚಾದರ ಮಡಚಿದರು. ತೀರಿಕೊಂಡಾಗ ಮುರಗೋಡಕ್ಕೆ ಹೋಗಿ ಮಣ್ಣು ಹಾಕಿ ಬಂದೆ. ಈಗ ಬೇರೊಂದು ಆಸ್ಪತ್ರೆಯ ಅಡ್ಮಿನಿಸ್ಟ್ರೇಟರ್ ನಾನೇ. ಊರು ಬಿಡುವಾಗ ಪಾಸ್‌ವರ್ಡನ್ನು ಡ್ಯೂಟಿ ನರ್ಸಿಗೆ ಹೇಳಿಯೇ ಬಸ್ಸು ಹತ್ತುತ್ತೇನೆ. ಅಕ್ಕಾರ ಮೇಲಿನ ಆ ಮೆಮೊವನ್ನು ಮಾತ್ರ ಇವತ್ತಿನವರೆಗೂ ಯಾರೂ ಹಿಂದಕ್ಕೆ ತೆಗೆದುಕೊಂಡಿಲ್ಲ.