ಹಿಡಿಯಣ್ಣನ ಎರಡನೇ ಲೋಟ

ಗಾಲ್ಫ್ ಕ್ಲಬ್ಬಿನ ಮೆಟ್ಟಿಲ ಕೆಳಗೆ ಒಂದು ಕೋಣೆ ಇದೆ ಎಂಬುದು ಅಲ್ಲಿನ ಅರ್ಧಕ್ಕರ್ಧ ಸದಸ್ಯರಿಗೆ ಇಂದಿಗೂ ಗೊತ್ತಿಲ್ಲ. ಗೊತ್ತಿರುವವರು ಅದನ್ನು ಪೊರಕೆ, ಬಕೆಟ್ಟು ಇಡುವ ಜಾಗ ಎಂದುಕೊಂಡಿದ್ದಾರೆ. ಆ ಕೋಣೆಯಲ್ಲಿ ಇಪ್ಪತ್ತೆಂಟು ವರ್ಷಗಳಿಂದ ಒಬ್ಬ ಮನುಷ್ಯ ಕೂತಿದ್ದಾನೆ. ಗಾಲ್ಫ್ ಕೋಲಿನ ತುದಿಗೆ ರಬ್ಬರಿನ ಹಿಡಿ ತೊಡಿಸಿರುತ್ತಾರಲ್ಲ, ಅದು ಸವೆದಾಗ ಕಿತ್ತು ಹೊಸದು ಹಾಕುವುದು ಅವನ ಕೆಲಸ. ಅಪ್ಪ ಅಮ್ಮ ಇಟ್ಟ ಹೆಸರು ಹಾಜರಿ ಪುಸ್ತಕದಲ್ಲಿ ಇದ್ದೀತು. ಜನರ ಬಾಯಲ್ಲಿ ಅವನು ಹಿಡಿಯಣ್ಣ.

ಕೋಣೆಗೆ ಒಂದೇ ಕಿಟಕಿ, ಅದೂ ಹೊರಗಿನ ನೆಲದ ಮಟ್ಟಕ್ಕೆ. ಅದರಿಂದ ಕಾಣುವುದು ಜನರ ಬೂಟು ಮಾತ್ರ. ಹೀಗಾಗಿ ಹಿಡಿಯಣ್ಣನಿಗೆ ಮುನ್ನೂರು ಜನರ ಬೂಟು ಪರಿಚಯ, ಮುಖ ಪರಿಚಯ ಇರುವುದು ಹತ್ತೋ ಹನ್ನೆರಡೋ. ಕೋಲುಗಳನ್ನು ಯಾರೂ ಖುದ್ದಾಗಿ ತಂದುಕೊಡುವುದಿಲ್ಲ. ಮೇಲಿನ ಗುಮಾಸ್ತ ಚೀಟಿ ಕಟ್ಟಿ ಬಾಗಿಲಿಗೆ ಒರಗಿಸಿ ಹೋಗುತ್ತಾನೆ, ಸಂಜೆ ಬಂದು ಒಯ್ಯುತ್ತಾನೆ. "ಆಯ್ತಾ?" "ಆಯ್ತು." ಎಷ್ಟೋ ದಿನ ಇಷ್ಟರಲ್ಲೇ ಅವನ ಅಂದಿನ ಮಾತು ಮುಗಿಯುತ್ತದೆ.

ಮನೆಯಲ್ಲಾದರೂ ಮಾತಿದೆಯೇ ಎಂದರೆ ಅಲ್ಲೂ ಇಲ್ಲ. ಹೆಂಡತಿ ಹೋಗಿ ಹನ್ನೊಂದು ವರ್ಷವಾಯಿತು, ಮಕ್ಕಳಾಗಲಿಲ್ಲ. "ನಿಮ್ಮ ಬಾಯಿಂದ ಒಂದು ಮಾತು ಹೊರಡಿಸ್ಬೇಕಂದ್ರೆ ಇಕ್ಕಳ ಹಾಕಿ ಎಳೀಬೇಕು ಕಣ್ರೀ" ಎಂದು ಆಕೆ ನಗುತ್ತಿದ್ದಳು. ಈಗ ಎಳೆಯುವವರಿಲ್ಲ. ಭಾನುವಾರ ದೂರದೂರಿನಿಂದ ಅಕ್ಕನ ಫೋನು ಬರುತ್ತದೆ.

"ಊಟ ಮಾಡಿದ್ಯೇನೋ?"

"ಮಾಡ್ದೆ ಅಕ್ಕ."

"ಮತ್ತೇನು ವಿಶೇಷ?"

"ಏನಿಲ್ಲಕ್ಕ."

ಅಕ್ಕನಿಗೂ ಮುಂದೆ ಏನು ಕೇಳಬೇಕೋ ತೋಚುವುದಿಲ್ಲ, ಪಾಪ. ಇಬ್ಬರೂ ಫೋನು ಇಡುತ್ತಾರೆ.

ಆದರೆ ಹಿಡಿಗಳ ವಿಷಯಕ್ಕೆ ಬನ್ನಿ, ಇದೇ ಮನುಷ್ಯ ಬಾಯಿ ತೆರೆದರೆ ನಿಲ್ಲಿಸುವುದು ಕಷ್ಟ. ಅದನ್ನು ಕಂಡುಕೊಂಡವರು ಒಬ್ಬರೇ, ನಿವೃತ್ತ ಹಲ್ಲಿನ ಡಾಕ್ಟರು. ಇಕ್ಕಳ ಹಿಡಿಯುವವರೇ ಬಂದರಲ್ಲ ಎಂದು ಆಗಿನ್ನೂ ಇದ್ದ ಹೆಂಡತಿ ನಕ್ಕಿದ್ದಳು. ಇಪ್ಪತ್ತು ವರ್ಷದ ಹಿಂದೆ ಅವರು ಸಿಡಿಮಿಡಿಗುಟ್ಟುತ್ತಾ ನೇರ ಮೆಟ್ಟಿಲ ಕೆಳಗೇ ಇಳಿದಿದ್ದರು. ಚೆಂಡೆಲ್ಲ ಬಲಕ್ಕೆ ಹೋಗುತ್ತದೆ, ಕೋಲೇ ಸರಿಯಿಲ್ಲ ಎಂಬುದು ಅವರ ದೂರು.

"ಕೋಲು ಏನ್ ಮಾಡುತ್ತೆ ಡಾಕ್ಟ್ರೇ? ಹಿಡಿ ನೋಡಿ, ಗಾಜಿನ ಥರ ನುಣ್ಣಗಾಗಿದೆ. ಜಾರುತ್ತೆ ಅಂತ ನಿಮಗೇ ಗೊತ್ತಿಲ್ದಂಗೆ ಬಿಗಿಯಾಗಿ ಹಿಡಿತೀರಿ. ಬಿಗಿಯಾಗಿ ಹಿಡಿದ್ರೆ ಭುಜ ಸೆಟ್ಕೊಳುತ್ತೆ. ಆಮೇಲೆ ಚೆಂಡು ಅದಕ್ಕಿಷ್ಟ ಬಂದ ಕಡೆ ಹೋಗುತ್ತೆ. ಬೆವರು, ಬಿಸಿಲು ಬಿದ್ದ ರಬ್ಬರು ಸಾಯುತ್ತೆ. ನಿಮ್ಮಂಗೆ ಆಡೋರು ವರ್ಷಕ್ಕೊಂದ್ಸಲ ಬದಲಾಯಿಸ್ಲೇಬೇಕು."

ಡಾಕ್ಟರು ತಲೆದೂಗಿದರು. "ಹಲ್ಲುಜ್ಜೋ ಬ್ರಷ್ ಬಗ್ಗೆ ನಾನೂ ಹಿಂಗೇ ಹೇಳ್ತೀನಿ, ಒಬ್ರೂ ಕೇಳಲ್ಲ" ಎಂದರು.

ಅಂದಿನಿಂದ ಪ್ರತಿ ವರ್ಷ ಪಂದ್ಯಗಳು ಶುರುವಾಗುವ ಮುಂಚಿನ ಒಂದು ಮಂಗಳವಾರ ಡಾಕ್ಟರು ಹದಿನಾಲ್ಕು ಕೋಲುಗಳ ಚೀಲ ಹೊತ್ತು ತಾವೇ ಬರುತ್ತಾರೆ. ಸ್ಟೂಲಿನ ಮೇಲೆ ಕೂರುತ್ತಾರೆ. ಹದಿನಾಲ್ಕು ಹಿಡಿ ಮುಗಿಯಲು ಮೂರು ಗಂಟೆ ಬೇಕು, ಮೂರು ಗಂಟೆಯೂ ಮಾತು. ಅವತ್ತಿಗೆಂದು ಹಿಡಿಯಣ್ಣ ಕಪಾಟಿನಿಂದ ಎರಡನೇ ಲೋಟ ತೆಗೆದು ತೊಳೆದಿಡುತ್ತಾನೆ. ವರ್ಷದ ಉಳಿದ ದಿನ ಅದು ಕಪಾಟಿನಲ್ಲಿ ಬೋರಲು ಬಿದ್ದಿರುತ್ತದೆ.

ಅವನದೊಂದು ಕಟ್ಟುನಿಟ್ಟು ಇತ್ತು. ಸವೆದ ಹಿಡಿಯನ್ನು ಬದಲಿಸದೆ ಬಿಡುವವನಲ್ಲ, ಸವೆಯದ್ದನ್ನು ಮುಟ್ಟುವವನೂ ಅಲ್ಲ. ಹೆಬ್ಬೆರಳ ಉಗುರನ್ನು ರಬ್ಬರಿಗೆ ಒತ್ತುತ್ತಾನೆ, ಗುರುತು ತಾನಾಗಿ ಮೇಲೆದ್ದರೆ "ಇನ್ನೊಂದು ವರ್ಷ ಬರುತ್ತೆ, ತಗೊಂಡ್ಹೋಗಿ" ಎಂದು ವಾಪಸು ಕಳಿಸುತ್ತಾನೆ. ಕ್ಲಬ್ಬಿನ ಅಧ್ಯಕ್ಷರ ಕೋಲೂ ಹಾಗೆ ವಾಪಸು ಹೋದದ್ದುಂಟು. ಡಾಕ್ಟರು ಕೂತಲ್ಲೇ ಇದನ್ನು ನೋಡಿದ್ದಾರೆ.

ಈ ವರ್ಷ ಆ ಮಂಗಳವಾರ ಕಿಟಕಿಯಲ್ಲಿ ಡಾಕ್ಟರ ಬೂಟು ಕಾಣಲಿಲ್ಲ. ಲೇಸಿಲ್ಲದ, ಸುಮ್ಮನೆ ಕಾಲು ತೂರಿಸುವ ಜೋಡೊಂದು ಮೆಲ್ಲಗೆ ದಾಟಿತು. ಯಾರೋ ಎಂದುಕೊಳ್ಳುವಷ್ಟರಲ್ಲಿ ಡಾಕ್ಟರೇ ಬಾಗಿಲಲ್ಲಿದ್ದರು. ಚೀಲ ಇಳಿಸಿ, ಬಲಗೈಯನ್ನು ಪ್ಯಾಂಟಿನ ಜೇಬಿಗೆ ಹಾಕಿಕೊಂಡು ಕೂತರು. ಟೀ ಕೊಟ್ಟರೆ ಎಡಗೈಯಲ್ಲಿ ತೆಗೆದುಕೊಂಡು "ಅರ್ಧ ಸಾಕಿತ್ತು" ಎಂದರು.

ಹಿಡಿಯಣ್ಣ ಮೊದಲ ಕೋಲನ್ನು ಮೇಜಿಗೆ ಬಿಗಿದ ವೈಸಿನ ದವಡೆಗೆ ಕಚ್ಚಿಸಿ, ಕೊಕ್ಕೆ ಚಾಕು ಎತ್ತಿಕೊಂಡವನು ಹಾಗೇ ನಿಂತ. ಹಿಡಿ ಸವೆದಿತ್ತು, ನಿಜ. ಆದರೆ ಸುತ್ತಲೂ ಒಂದೇ ಸಮ ಸವೆದಿತ್ತು, ಯಾರ ಬೆರಳೂ ತಲುಪದ ಕೆಳತುದಿಯವರೆಗೂ. ಬೆಳಕಿಗೆ ಹಿಡಿದರೆ ಸಣ್ಣ ನೇರ ಗೀರುಗಳು. ಎರಡನೆಯದೂ ಹಾಗೇ. ಡಾಕ್ಟರು ಉಳಿದವಕ್ಕಿಂತ ಕಡಿಮೆ ಬಳಸುವ ಉದ್ದನೆಯ ಕೋಲೊಂದಿತ್ತು, ಅದೂ ಅಷ್ಟೇ ಸವೆದಿತ್ತು! ಉಗುರು ಒತ್ತಿದ. ಗುರುತು ತಟ್ಟನೆ ಮೇಲೆದ್ದಿತು. ಕೋಲಿನ ಕಬ್ಬಿಣದ ಮುಖ ತಿರುಗಿಸಿ ನೋಡಿದ. ಹೋದ ವರ್ಷ ತಾನೇ ಸವರಿದ್ದ ಎಣ್ಣೆ ಹಾಗೇ ಇತ್ತು, ಅದರ ಮೇಲೆ ಧೂಳು. ಒಂದು ಹುಲ್ಲಿನ ಕಲೆಯಿಲ್ಲ.

ಹದಿನಾಲ್ಕು ಹಿಡಿಗಳನ್ನೂ ಯಾರೋ ಕೂತು ಸ್ಯಾಂಡ್ ಪೇಪರಿನಿಂದ ಉಜ್ಜಿದ್ದರು. ಜೇಬಿನೊಳಗೆ ಬಚ್ಚಿಟ್ಟ ಆ ನಡುಗುವ ಕೈಯಲ್ಲಿ ಅದಕ್ಕೆ ಎಷ್ಟು ದಿನ ಹಿಡಿಯಿತೋ.

"ಏನು, ತುಂಬಾ ಸವೆದಿದ್ಯಾ?" ಡಾಕ್ಟರು ಕೇಳಿದರು.

ಹಿಡಿಯಣ್ಣ ಮೊದಲ ಕೋಲನ್ನೇ ಮತ್ತೆ ವೈಸಿಗೆ ಕಚ್ಚಿಸಿದ. ಈ ಮನುಷ್ಯ ಆಟ ಬಿಟ್ಟು ವರ್ಷವಾಗಿದೆ. ಆದರೂ ಈ ಬೆಳಕಿಲ್ಲದ ಕೋಣೆಗೆ ಬರಲು ಅವರಿಗೊಂದು ನೆಪ ಬೇಕಾಗಿದೆ. ಸುಮ್ಮನೆ ಬಂದು ಕೂರಬಹುದು ಎಂದು ತಾನು ಇಪ್ಪತ್ತು ವರ್ಷದಲ್ಲಿ ಒಮ್ಮೆಯೂ ಹೇಳಿರಲಿಲ್ಲ. "ಇನ್ನೊಂದು ವರ್ಷ ಬರುತ್ತೆ, ತಗೊಂಡ್ಹೋಗಿ" ಎಂದರೆ ಡಾಕ್ಟರು ಚೀಲ ಎತ್ತಿಕೊಂಡು ಹೋಗುತ್ತಾರೆ. ಮತ್ತೆ ಬರುವುದಿಲ್ಲ. ಎರಡನೇ ಲೋಟವನ್ನು ಮುಂದೆಂದೂ ತೊಳೆಯುವ ಕೆಲಸವಿರುವುದಿಲ್ಲ.

"ಈ ವರ್ಷ ಜೋರಾಗೇ ಆಡಿದೀರಿ ಡಾಕ್ಟ್ರೇ" ಎಂದ.

"ಹ್ಞೂ, ವಾರಕ್ಕೆ ಮೂರು ದಿನ." ಡಾಕ್ಟರು ಕಿಟಕಿಯ ಕಡೆ ನೋಡಿದರು. ಸುಳ್ಳು ಹೇಳಿ ಅಭ್ಯಾಸವಿರಲಿಲ್ಲ ಅವರಿಗೆ.

ಹಿಡಿಯಣ್ಣನಿಗೂ ಇರಲಿಲ್ಲ. ಆದರೂ ಚಾಕು ಹಾಕಿ ಹಿಡಿಯನ್ನು ಉದ್ದಕ್ಕೆ ಸೀಳಿದ, ಹಳೇ ಟೇಪು ಕೆರೆದ, ಎರಡೂ ಕಡೆ ಅಂಟುವ ಹೊಸ ಟೇಪು ಸುತ್ತಿದ, ಜಾರಲೆಂದು ಥಿನ್ನರ್ ಸುರಿದು ಹೊಸ ಹಿಡಿಯನ್ನು ಒಂದೇ ಉಸಿರಿಗೆ ಒಳಕ್ಕೆ ತಳ್ಳಿದ. ಇಪ್ಪತ್ತೆಂಟು ವರ್ಷದಲ್ಲಿ ಸವೆಯದ ಹಿಡಿ ಬದಲಿಸಿದ್ದು ಅದೇ ಮೊದಲು. ಮಾಡಿದ್ದಕ್ಕೆ ಒಂದಿಷ್ಟೂ ಬೇಜಾರಾಗಲಿಲ್ಲ.

"ಇವತ್ತಿಗೆ ಇದೊಂದೇ" ಎಂದ. "ಈಗಿನ ಟೇಪು ಮೊದಲಿನ ಹಾಗಿಲ್ಲ, ಹದಿನಾಲ್ಕೂ ಒಟ್ಟಿಗೆ ಮಾಡಿದ್ರೆ ಸರಿಯಾಗಿ ಕೂರಲ್ಲ. ವಾರಕ್ಕೊಂದು ತನ್ನಿ. ಮಂಗಳವಾರ."

"ಇಪ್ಪತ್ತು ವರ್ಷ ಒಂದೇ ದಿನ ಮಾಡ್ತಿದ್ರಲ್ರೀ?"

"ಆಗ ವಯಸ್ಸಿತ್ತು. ಈಗ ನನ್ನ ಕೈಲೂ ಆಗ್ಬೇಕಲ್ಲ."

ಡಾಕ್ಟರ ಜೇಬಿನೊಳಗಿನ ಕೈ ಒಮ್ಮೆ ಅಲುಗಿತು. ಹಿಡಿಯಣ್ಣ ನೋಡದವನಂತೆ, ಸೀಳಿದ ಹಿಡಿಯ ತುಂಡು ಎತ್ತಿಕೊಂಡು ಮಾತು ಮುಂದುವರಿಸಿದ.

"ಕೆಲವರ ಹಿಡಿ ನೋಡಿದ್ರೆ ನಗು ಬರುತ್ತೆ ನೋಡಿ. ಸವೆತ ಅನ್ನೋದು ಇಲ್ಲಿ ಬರ್ಬೇಕು, ಎಡಗೈ ಹೆಬ್ಬೆರಳು ಕೂರೋ ಕಡೆ. ಆಮೇಲೆ ಇಲ್ಲಿ, ಅಂಗೈ ಬುಡ ತಾಗೋ ಕಡೆ. ಈ ಕೆಳತುದಿ ಯಾವತ್ತೂ ಹೊಸದಾಗೇ ಇರುತ್ತೆ, ಅಲ್ಲಿಗೆ ಕೈಯೇ ಹೋಗಲ್ಲ."

ಡಾಕ್ಟರು ಬಹಳ ಹೊತ್ತು ಆ ತುಂಡನ್ನೇ ನೋಡುತ್ತಿದ್ದರು. ಕಿವಿ ಕೆಂಪಾಗಿತ್ತು. ಟೀ ಅರ್ಧಕ್ಕೇ ಬಿಟ್ಟು ಚೀಲ ಹೊತ್ತು ಮೇಲೆ ಹೋದರು.

ಹೇಳಬಾರದಿತ್ತೇನೋ ಎಂದು ಹಿಡಿಯಣ್ಣ ನಾಲಿಗೆ ಕಚ್ಚಿಕೊಂಡ. ಆ ವಾರವೆಲ್ಲ ಊಟ ರುಚಿಸಲಿಲ್ಲ. ಭಾನುವಾರ ಅಕ್ಕ ಎಂದಿನಂತೆ "ಮತ್ತೇನು ವಿಶೇಷ?" ಎಂದಳು.

"ಮಂಗಳವಾರ ಒಬ್ರು ಬರಬಹುದು ಅಕ್ಕ" ಎಂದ. "ಬರ್ದೇನೂ ಇರಬಹುದು."

ಮಂಗಳವಾರ ಕೆಲಸಕ್ಕೆ ಕೈ ಹಾಕದೆ ಕಿಟಕಿಯ ಬಳಿಯೇ ನಿಂತ. ಲೇಸು ಕಟ್ಟಿದ ಬೂಟುಗಳು ಹೋದವು, ಬಂದವು. ಹನ್ನೊಂದು ಗಂಟೆ ಕಳೆಯಿತು. ತೊಳೆದಿಟ್ಟ ಲೋಟವನ್ನು ಕಪಾಟಿಗೆ ಇಡಲೆಂದು ಕೈಗೆತ್ತಿಕೊಂಡಾಗ ಲೇಸಿಲ್ಲದ ಜೋಡು ಮೆಲ್ಲಗೆ ಕಿಟಕಿ ದಾಟಿತು.

ಡಾಕ್ಟರು ಒಂದೇ ಕೋಲು ತಂದಿದ್ದರು. ಹಿಡಿಯಣ್ಣ ಬೆಳಕಿಗೆ ಹಿಡಿದು ನೋಡಿದ. ಕಳೆದ ವಾರದ ಗೀರುಗಳ ಮೇಲೆ, ಎಡ ಹೆಬ್ಬೆರಳು ಕೂರುವ ಕಡೆ ಹೊಸದಾಗಿ ಉಜ್ಜಿ ಮಾಡಿದ ಒಂದು ತಗ್ಗಿತ್ತು. ಅಂಗೈ ಬುಡದ ಕಡೆ ಇನ್ನೊಂದು.

"ಸರಿಯಾಗಿ ಸವೆದಿದ್ಯಾ?" ಎಂದರು ಡಾಕ್ಟರು, ಅವನ ಮುಖವನ್ನೇ ನೋಡುತ್ತಾ.

"ಸರಿಯಾಗಿ ಸವೆದಿದೆ. ಬದಲಾಯಿಸ್ಲೇಬೇಕು" ಎಂದು ಹಿಡಿಯಣ್ಣ ಲೋಟಕ್ಕೆ ಅರ್ಧ ಟೀ ಬಗ್ಗಿಸಿದ. ಇವತ್ತಿನದು ಮುಗಿದರೆ ಇನ್ನು ಹನ್ನೆರಡು ಕೋಲು. ಅವು ಮುಗಿಯುವ ಹೊತ್ತಿಗೆ ಮೊದಲನೆಯದು ಮತ್ತೆ ಸವೆದಿರುತ್ತದೆ ಎಂಬುದರಲ್ಲಿ ಅವನಿಗೆ ಯಾವ ಅನುಮಾನವೂ ಇರಲಿಲ್ಲ.